ಟ್ಯಾಲಿ ಪಿಸಿಗೆ ಮನೆಯಿಂದ ಆರ್‌ಡಿಪಿ: ಪೋರ್ಟ್ ನಂಬರ್ ಬದಲಿಸಿದರೆ ಸಾಕಾ?

ದಾವಣಗೆರೆ_ಲೆಡ್ಜರ್
ಎಲ್ಲರಿಗೂ ನಮಸ್ಕಾರ. ನಮ್ಮದು ತೆರಿಗೆ ಸಲಹೆಗಾರರ ಸಣ್ಣ ಆಫೀಸು. ಆರು ಡೆಸ್ಕ್‌ಟಾಪ್, ಎಲ್ಲವೂ ವಿಂಡೋಸ್ 10 ಪ್ರೊ. ಒಂದರಲ್ಲಿ ಟ್ಯಾಲಿಪ್ರೈಮ್ (ಲೆಕ್ಕಪತ್ರದ ಸಾಫ್ಟ್‌ವೇರ್) ಡೇಟಾ ಇದೆ, ಅದನ್ನೇ ಸರ್ವರ್ ಅಂತ ಕರೀತೀವಿ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಕೊಡೋ ಕೊನೇ ದಿನ ಇರೋದರಿಂದ ಆ ದಿನಗಳಲ್ಲಿ ಮೂರು ಜನ ರಾತ್ರಿ ಮನೆಯಿಂದ ಆರ್‌ಡಿಪಿಯಲ್ಲಿ, ಅಂದ್ರೆ ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆ ಪಿಸಿಯ ಪರದೆ ತೆರೆದು, ಕೆಲಸ ಮಾಡಬೇಕಾಗುತ್ತೆ. ಹಾರ್ಡ್‌ವೇರ್ ಅಂಗಡಿಯವರು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಹೊರಗಿನಿಂದ 33890 ಪೋರ್ಟಿಗೆ ಬಂದದ್ದು ಒಳಗೆ ಆರ್‌ಡಿಪಿಯ ಮಾಮೂಲಿ ಪೋರ್ಟ್ 3389ಕ್ಕೆ ಹೋಗೋ ಹಾಗೆ ಇಟ್ಟಿದ್ದಾರೆ. "ನಂಬರ್ ಬದಲಿಸಿದ್ದೀನಿ, ಯಾರಿಗೂ ಗೊತ್ತಾಗಲ್ಲ" ಅಂದ್ರು.

ಈಗ ಇವೆಂಟ್ ವ್ಯೂಅರ್ ತೆರೆದರೆ ಸೆಕ್ಯುರಿಟಿ ಲಾಗ್ ತುಂಬ 4625, ಅಂದ್ರೆ ಸೋತ ಲಾಗಿನ್. ಅಡ್ಮಿನ್, ಟೆಸ್ಟ್, ಟ್ಯಾಲಿ, ಅಕೌಂಟ್ಸ್, ಯೂಸರ್1 ಅಂತ ನಮ್ಮಲ್ಲಿ ಇಲ್ಲದ ಹೆಸರುಗಳಲ್ಲಿ ಹಗಲೂ ರಾತ್ರಿ ಲಾಗಿನ್ ಪ್ರಯತ್ನ ನಡೀತಿದೆ. ಅಂಗಡಿಯವರನ್ನು ಕೇಳಿದರೆ ಇನ್ನೊಂದು ನಂಬರ್ ಹಾಕೋಣ, ಇಲ್ಲಾಂದ್ರೆ ಎಲ್ಲರಿಗೂ ಎನಿಡೆಸ್ಕ್ (ದೂರದಿಂದ ಪಿಸಿ ನಡೆಸೋ ಆ್ಯಪ್) ಹಾಕಿ ಒಂದೇ ಪಾಸ್‌ವರ್ಡ್ ಕೊಡೋಣ ಅಂತಾರೆ. ಬಜೆಟ್ 15 ಸಾವಿರದ ಒಳಗೆ. ಸರಿಯಾದ ದಾರಿ ಯಾವುದು?

ಪ್ಯಾಕೆಟ್_ಪರಮೇಶಿ
ಮೊದಲು ಆ ಫಾರ್ವರ್ಡಿಂಗ್ ತೆಗೀರಿ, ಇವತ್ತೇ. ಉಳಿದ ಮಾತು ಆಮೇಲೆ.

ರೂಟರಿನ ಅಡ್ಮಿನ್ ಪುಟಕ್ಕೆ ಹೋಗಿ. ಎನ್‌ಎಟಿ, ವರ್ಚುವಲ್ ಸರ್ವರ್ ಅಥವಾ ಪೋರ್ಟ್ ಫಾರ್ವರ್ಡಿಂಗ್ ಅಂತ ಇರೋ ಕಡೆ ಆ ಸಾಲನ್ನು ಡಿಸೇಬಲ್ ಮಾಡಬೇಡಿ, ಅಳಿಸಿಬಿಡಿ. ಡಿಸೇಬಲ್ ಮಾಡಿದ್ದನ್ನು ಇನ್ನೊಬ್ಬರು ಬಂದು "ಯಾಕೋ ಆಫ್ ಆಗಿದೆ" ಅಂತ ಆನ್ ಮಾಡ್ತಾರೆ. ಅದೇ ರೂಟರಿನಲ್ಲಿ ಯುಪಿಎನ್‌ಪಿ (ಪ್ರೋಗ್ರಾಂಗಳೇ ಪೋರ್ಟ್ ತೆರೆಸೋ ಸೌಲಭ್ಯ) ಆಫ್ ಮಾಡಿ, ಡಿಎಂಜೆಡ್ ಹೋಸ್ಟ್ (ಹೊರಗಿನಿಂದ ಬರೋದನ್ನೆಲ್ಲ ಒಂದೇ ಪಿಸಿಗೆ ಕಳಿಸೋದು) ಜಾಗದಲ್ಲಿ ಯಾವ ಐಪಿಯೂ ಇಲ್ಲ ಅಂತ ನೋಡಿ, ಹೊರಗಿನಿಂದ ಅಡ್ಮಿನ್ ಪುಟ ತೆರೆಯೋ ರಿಮೋಟ್ ಮ್ಯಾನೇಜ್‌ಮೆಂಟ್ ಕೂಡ ಆಫ್ ಮಾಡಿ.

ಮುಚ್ಚಿದೆಯಾ ಅಂತ ಆಫೀಸಿನ ವೈಫೈಯಿಂದ ಪರೀಕ್ಷೆ ಮಾಡಬೇಡಿ. ಮೊಬೈಲ್ ಡೇಟಾ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸಿಗಿಸಿ, ಅಲ್ಲಿಂದ ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಬಳಸಿ ನಿಮ್ಮ ಹೊರಗಿನ ಐಪಿ ಮತ್ತು 33890 ಕೊಟ್ಟು ನೋಡಿ. ಫಾಲ್ಸ್ ಅಂತ ಬರಬೇಕು.

ನೀಲಿಪರದೆ
ಸ್ವಲ್ಪ ಅತಿಯಾಯ್ತು ಅನ್ಸುತ್ತೆ. 16 ಅಕ್ಷರದ ಪಾಸ್‌ವರ್ಡ್, ಐದು ತಪ್ಪಿಗೆ ಲಾಕ್‌ಔಟ್, ಎನ್‌ಎಲ್‌ಎ (ಸೆಷನ್ ತೆರೆಯೋ ಮುಂಚೆಯೇ ಪಾಸ್‌ವರ್ಡ್ ಕೇಳೋದು) ಆನ್. ಇಷ್ಟಿದ್ರೆ ಆರ್‌ಡಿಪಿ ನೇರವಾಗಿ ಇಟ್ರೂ ನಡೆಯುತ್ತೆ. ಪೋರ್ಟ್ ಮುಚ್ಚಿದ್ರೆ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸಿಗೆ ಬೀಗ ಹಾಕಿದ ಖಾಸಗಿ ದಾರಿ) ಹಾಕಬೇಕಾಗುತ್ತೆ, ಆರು ಜನರ ಆಫೀಸಿಗೆ ಅದು ಯಾಕೆ?

ಲಾಗ್_ಓದುಗ
@ನೀಲಿಪರದೆ ನಡೆಯಲ್ಲ. ಮೂರು ಕಾರಣ ಕೊಡ್ತೀನಿ.

ಪೋರ್ಟ್ ಬದಲಿಸೋದರಿಂದ ಅಡಗಿಕೊಳ್ಳೋಕೆ ಆಗಲ್ಲ. 2013ರಲ್ಲೇ ಮಿಶಿಗನ್ ವಿಶ್ವವಿದ್ಯಾಲಯದವರ ಜೀಮ್ಯಾಪ್ ಅನ್ನೋ ಸ್ಕ್ಯಾನರ್ ಒಂದು ಗಿಗಾಬಿಟ್ ಸಂಪರ್ಕದಲ್ಲಿ ಇಂಟರ್ನೆಟ್ಟಿನ ಇಡೀ ಐಪಿವಿ4 ವಿಳಾಸಗಳನ್ನು ಒಂದು ಪೋರ್ಟಿಗೆ 45 ನಿಮಿಷದೊಳಗೆ ಸ್ಕ್ಯಾನ್ ಮಾಡಿ ತೋರಿಸಿತ್ತು. 33890 ಅಂತೂ 3389ಕ್ಕೆ ಒಂದು ಸೊನ್ನೆ ಸೇರಿಸಿದ್ದು, ಎಲ್ಲ ಸ್ಕ್ಯಾನರ್ ಪಟ್ಟಿಯಲ್ಲೂ ಇರುತ್ತೆ. ಯಾವ ನಂಬರ್ ಆದ್ರೂ ಮೊದಲ ಪ್ಯಾಕೆಟಿಗೆ ಬರೋ ಉತ್ತರದಲ್ಲೇ ಇದು ಆರ್‌ಡಿಪಿ ಅಂತ ಗೊತ್ತಾಗುತ್ತೆ.

ಲಾಕ್‌ಔಟ್ ಎರಡು ಕಡೆ ಕೊಯ್ಯುತ್ತೆ. ನಿಮ್ಮ ನಿಜವಾದ ಯೂಸರ್ ಹೆಸರು ದಾಳಿಕೋರನಿಗೆ ಸಿಕ್ಕರೆ, ಬೇಕಂತಲೇ ಐದು ಸಲ ತಪ್ಪು ಹೊಡೆದು 20ನೇ ತಾರೀಖು ಸಂಜೆ ನಿಮ್ಮನ್ನೇ ಹೊರಗೆ ನಿಲ್ಲಿಸ್ತಾನೆ. ಜೊತೆಗೆ ವಿಂಡೋಸಿನ ಮೂಲ ಅಡ್ಮಿನಿಸ್ಟ್ರೇಟರ್ ಖಾತೆಗೆ ಈ ಲಾಕ್‌ಔಟ್ ಹಿಂದೆ ಅನ್ವಯಿಸ್ತಾನೇ ಇರಲಿಲ್ಲ. 2022ರ ಅಕ್ಟೋಬರ್ ಅಪ್‌ಡೇಟ್ ಆದಮೇಲೆ ಅದಕ್ಕೆ ಬೇರೆ ಪಾಲಿಸಿ ಬಂತು. ಹಳೇ ಇನ್‌ಸ್ಟಾಲ್‌ಗಳಲ್ಲಿ ಅದನ್ನು ನಾವೇ ಆನ್ ಮಾಡಬೇಕು.

ಮೂರನೇದು ಮುಖ್ಯ. ಪಾಸ್‌ವರ್ಡ್ ಕೇಳೋಕೆ ಮುಂಚೆಯೇ ಒಳಗೆ ಬಿಡೋ ದೋಷಗಳೂ ಬರ್ತವೆ. 2019ರ ಮೇ ತಿಂಗಳ ಬ್ಲೂಕೀಪ್, ದೋಷಗಳ ಪಟ್ಟಿಯಲ್ಲಿ ಸಿವಿಇ-2019-0708, ಅಂಥದ್ದೇ. ವಿಂಡೋಸ್ 7, ಸರ್ವರ್ 2008 ಆರ್2 ಎಲ್ಲ ಸಿಕ್ಕಿಬಿದ್ದವು. ಬೆಂಬಲ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯ್ತು. ಅದೇ ವರ್ಷ ಆಗಸ್ಟಿನಲ್ಲಿ ವಿಂಡೋಸ್ 10ಕ್ಕೂ ತಗಲೋ ಇನ್ನೆರಡು ಬಂದವು. ಅಂಥದ್ದು ಮುಂದೆ ಬಂದ ದಿನ 16 ಅಕ್ಷರದ ಪಾಸ್‌ವರ್ಡ್ ಏನೂ ಮಾಡಲ್ಲ.

@ದಾವಣಗೆರೆ_ಲೆಡ್ಜರ್ ಪೋರ್ಟ್ ಮುಚ್ಚಿದ ಮೇಲೆ ಯಾರಾದ್ರೂ ಆಗಲೇ ಒಳಗೆ ಬಂದಿದ್ದಾರಾ ಅಂತ ನೋಡಿ. ಸೆಕ್ಯುರಿಟಿ ಲಾಗ್ ನಂಬಿ ಕೂರಬೇಡಿ. ಅದರ ಡೀಫಾಲ್ಟ್ ಗಾತ್ರ 20 ಎಂಬಿ, ಇಷ್ಟು 4625 ಬೀಳ್ತಿದ್ರೆ ಹಳೇದು ಬೇಗ ಅಳಿಸಿಹೋಗುತ್ತೆ, ಗೆದ್ದ ಲಾಗಿನ್ ಕೂಡ ಅದರ ಜೊತೆ ಹೋಗುತ್ತೆ. ಬದಲಿಗೆ ಅಪ್ಲಿಕೇಷನ್ಸ್ ಆಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಟರ್ಮಿನಲ್‌ಸರ್ವಿಸಸ್-ಲೋಕಲ್‌ಸೆಷನ್‌ಮ್ಯಾನೇಜರ್, ಆಪರೇಷನಲ್ ತೆರೆಯಿರಿ. ಅಲ್ಲಿ ಇವೆಂಟ್ 21 ಅಂದ್ರೆ ಸೆಷನ್ ಶುರುವಾಗಿದೆ, 25 ಅಂದ್ರೆ ಮತ್ತೆ ಸೇರಿಕೊಂಡಿದೆ. ಪ್ರತಿಯೊಂದರಲ್ಲೂ ಸೋರ್ಸ್ ನೆಟ್‌ವರ್ಕ್ ಅಡ್ರೆಸ್ ಇರುತ್ತೆ. ಸೋತ ಪ್ರಯತ್ನಗಳು ಇಲ್ಲಿ ಬೀಳಲ್ಲ, ಹಾಗಾಗಿ ತಿಂಗಳುಗಟ್ಟಲೆ ಹಿಂದಿನದ್ದೂ ಸಿಗುತ್ತೆ. ಆಮೇಲೆ ಲೋಕಲ್ ಯೂಸರ್ಸ್ ಆಂಡ್ ಗ್ರೂಪ್ಸ್, ಟಾಸ್ಕ್ ಶೆಡ್ಯೂಲರ್, ಡಿಫೆಂಡರಿನ (ವಿಂಡೋಸಿನ ಆಂಟಿವೈರಸ್) ಎಕ್ಸ್‌ಕ್ಲೂಷನ್ ಪಟ್ಟಿ ನೋಡಿ. ಒಳಗೆ ಬಂದವರು ಮೊದಲು ಮಾಡೋದು ಡಿಫೆಂಡರಿಗೆ ಒಂದು ಫೋಲ್ಡರ್ ನೋಡಬೇಡ ಅಂತ ಹೇಳೋದು.

ದಾವಣಗೆರೆ_ಲೆಡ್ಜರ್
ಮುಚ್ಚಿದೆ, ಹಾಟ್‌ಸ್ಪಾಟಿನಿಂದ ಫಾಲ್ಸ್ ಬಂತು. 21 ಮತ್ತು 25ರಲ್ಲಿ ನಮ್ಮವರ ವಿಳಾಸಗಳೇ ಇವೆ. ಎಕ್ಸ್‌ಕ್ಲೂಷನ್ ಖಾಲಿ. ಆದರೆ "ಸಪೋರ್ಟ್" ಅಂತ ಒಂದು ಖಾತೆ ಇದೆ, ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿ. ಅಂಗಡಿಯವರು ಮಾಡಿಕೊಂಡಿದ್ದಂತೆ. ಇನ್ನೊಂದು ವಿಷಯ, ಒಂದೇ ಪಿಸಿಗೆ ಮೂರೂ ಜನ ಒಟ್ಟಿಗೆ ಲಾಗಿನ್ ಆಗ್ತೀವಿ. ಅದಕ್ಕೆ ಏನೋ "ರ‍್ಯಾಪರ್" ಹಾಕಿದ್ದಾರೆ. ಅಪ್‌ಡೇಟ್ ಆದ್ರೆ ಅದು ಕೆಡುತ್ತೆ ಅಂತ ವಿಂಡೋಸ್ ಅಪ್‌ಡೇಟ್ ನಿಲ್ಲಿಸಿದ್ದಾರೆ.

ಧಾರವಾಡ_ಲ್ಯಾನ್
ಅಲ್ರಿ, ಅಪ್‌ಡೇಟ್ ನಿಲ್ಲಿಸಿ, ಆರ್‌ಡಿಪಿ ಹೊರಗ ತೆರೆದು, ಮ್ಯಾಲೆ ಸಪೋರ್ಟ್ ಅಂತ ಅಡ್ಮಿನ್ ಖಾತೆ ಇಟ್ಟಾರ ಅಂದ್ರ ಏನ್ ಹೇಳೂದು! ಸಪೋರ್ಟ್ ಅನ್ನೂ ಹೆಸರು ದಾಳಿ ಮಾಡೋರ ಪಟ್ಟ್ಯಾಗ ಮೊದಲ ಸಾಲಿನ್ಯಾಗ ಇರತೈತ್ರಿ. ಈಗ ಡಿಸೇಬಲ್ ಮಾಡ್ರಿ, ಅವರು ಬಂದಾಗ ನೀವು ಕುಂತು ಆನ್ ಮಾಡಿ ಕೊಡ್ರಿ.

ವಿಂಡೋಸ್ 10 ಪ್ರೊದಾಗ ಒಂದು ಹೊತ್ತಿಗೆ ಒಬ್ಬರಿಗೇ ಸೆಷನ್. ಆರ್‌ಡಿಪಿ ರ‍್ಯಾಪರ್ ಹಾಕಿ ಮೂರು ಮಂದಿ ಕುಂತರ ಲೈಸೆನ್ಸ್ ಮುರಿದಂಗ, ಪ್ಯಾಚ್ ಸುದ್ದಾ ತಪ್ಪಿದಂಗ. ನಿಮಗ ಅದು ಬೇಕಾಗೇ ಇಲ್ರಿ. ಆಫೀಸಿನ್ಯಾಗ ಪ್ರತಿಯೊಬ್ಬರಿಗೂ ಅವರದ ಡೆಸ್ಕ್‌ಟಾಪ್ ಐತಿ, ಹೌದಿಲ್ಲೋ? ಮನಿಯಿಂದ ಅವರವರ ಡೆಸ್ಕ್‌ಟಾಪಿಗೆ ಅವರವರು ಆರ್‌ಡಿಪಿ ಆಗ್ಲಿ. ಟ್ಯಾಲಿ ಆ ಡೆಸ್ಕ್‌ಟಾಪಿನ್ಯಾಗ ಓಡತೈತಿ, ಡೇಟಾ ಆಫೀಸಿನ ಲ್ಯಾನ್ ದಾಟಿ ಹೊರಗ ಬರೂದಿಲ್ಲ. ಮನಿಗೆ ಬರೂದು ಬರೇ ಪರದೆ ಚಿತ್ರ. ಸರ್ವರ್ ಪಿಸಿಗೆ ಆರ್‌ಡಿಪಿ ಪೂರ್ತಿ ಬಂದ್ ಮಾಡ್ರಿ.

ನೀಲಿಪರದೆ
ವಿಪಿಎನ್ ಹೇಗೂ ಹಾಕೋದಾದ್ರೆ ಮನೆ ಲ್ಯಾಪ್‌ಟಾಪಿನಲ್ಲೇ ಟ್ಯಾಲಿ ಹಾಕಿ ಡೇಟಾ ಫೋಲ್ಡರನ್ನು ಶೇರ್‌ನಲ್ಲಿ ತೆರೆಯಬಹುದಲ್ಲ?

ಧಾರವಾಡ_ಲ್ಯಾನ್
ಬ್ಯಾಡ್ರಿ. ಟ್ಯಾಲಿ ಡೇಟಾ ಅಂದ್ರ ಫೈಲುಗಳು. ಒಂದು ವೌಚರ್ ಹಾಕಿದ್ರ ಸಣ್ಣ ಸಣ್ಣ ಓದೂ ಬರೆಯೂ ಕೆಲಸ ನೂರಾರು ಆಗತಾವ. ಲ್ಯಾನಿನ್ಯಾಗ ಪ್ರತಿ ಸಲ ಒಂದು ಮಿಲಿಸೆಕೆಂಡಿಗಿಂತ ಕಡಿಮಿ, ಇಂಟರ್ನೆಟ್ಟಿನ್ಯಾಗ 30, 40. ಡೇ ಬುಕ್ ತೆರೆಯಾಕ ಕುಂತಗೊಂಡು ನೋಡಬೇಕಾಗತೈತಿ. ನಡುವ ಲಿಂಕ್ ಕಡಿದ್ರ ಬರೆಯಾಕತ್ತಿದ್ದ ಫೈಲ್ ಅರ್ಧಕ್ಕ ನಿಲ್ಲತೈತಿ, ಆಮ್ಯಾಲೆ ಡೇಟಾ ರಿಪೇರಿ ಮಾಡ್ಕೋತ ಕುಂಡ್ರಬೇಕು. ಸಾಲದ್ದಕ್ಕ ಫೈಲ್ ಶೇರಿನ 445 ಪೋರ್ಟ್ ಮನಿ ಪಿಸಿಗೆ ತೆರೆದಂಗ ಆತು. ಆ ಪಿಸಿಗೆ ರ‍್ಯಾನ್ಸಮ್‌ವೇರ್ ಬಂದ್ರ ಶೇರಿನ್ಯಾಗಿನ ಫೈಲ್ ಎಲ್ಲಾ ಲಾಕ್ ಆಗತಾವ. ಆರ್‌ಡಿಪಿದಾಗ ಲಿಂಕ್ ಕಡಿದ್ರ ಸೆಷನ್ ಹಂಗ ಇರತೈತಿ, ಮತ್ತ ಕೂಡಿಕೊಂಡ್ರ ಎಲ್ಲಿ ಬಿಟ್ಟಿದ್ರೋ ಅಲ್ಲೇ.

ಕರಾವಳಿ_ಕನ್ಸೋಲ್
ವಿಪಿಎನ್ ಹಾಕಿದ ಕೂಡಲೇ ಎಲ್ಲ ಸರಿ ಅಂತ ತಿಳ್ಕೊಳ್ಬೇಡಿ ಮಾರಾಯ್ರೆ. ಯಾವ ವಿಪಿಎನ್ ಅಂತ ಉಂಟಲ್ಲ, ಅದೇ ದೊಡ್ಡ ಪ್ರಶ್ನೆ. ಬ್ರೌಸರಿನಲ್ಲಿ ಲಾಗಿನ್ ಪುಟ ತೋರಿಸುವ ಎಸ್‌ಎಸ್‌ಎಲ್ ವಿಪಿಎನ್ ಪೆಟ್ಟಿಗೆಗಳ ಚರಿತ್ರೆ ನೋಡಿ. ಫೋರ್ಟಿನೆಟ್ ಕಂಪನಿಯ ಪೆಟ್ಟಿಗೆಗಳ ಸಿವಿಇ-2018-13379 ದೋಷವನ್ನು ಪ್ಯಾಚ್ ಮಾಡದೆ ಬಿಟ್ಟವರ ಪಾಸ್‌ವರ್ಡುಗಳು 2021ರ ಸೆಪ್ಟೆಂಬರಿನಲ್ಲಿ ಬಯಲಾದವು, ಸುಮಾರು 87,000 ಸಾಧನಗಳದ್ದು. ಪ್ಯಾಚ್ ಹಾಕಿಯೂ ಪಾಸ್‌ವರ್ಡ್ ಬದಲಿಸದವರು ಅದರಲ್ಲಿ ಸಿಕ್ಕಿಬಿದ್ರು. 2024ರ ಜನವರಿಯಲ್ಲಿ ಇವಾಂಟಿ ಕಂಪನಿಯ ವಿಪಿಎನ್ ಪೆಟ್ಟಿಗೆಗಳನ್ನು ನೆಟ್‌ವರ್ಕಿನಿಂದ ಕಿತ್ತು ಇಡಿ ಅಂತ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ತಮ್ಮ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಆದೇಶವನ್ನೇ ಕೊಟ್ಟಿತು. ಫೋರ್ಟಿನೆಟ್ ಕೂಡ ತನ್ನ ಪೆಟ್ಟಿಗೆಯ ಸಾಫ್ಟ್‌ವೇರ್ ಫೋರ್ಟಿಒಎಸ್ 7.6.3ರಲ್ಲಿ ಎಸ್‌ಎಸ್‌ಎಲ್ ವಿಪಿಎನ್ ಟನಲ್ ಮೋಡನ್ನೇ ತೆಗೆದುಹಾಕಿತು.

ಹಾಗಾಗಿ ನಾನು ಹೇಳುವುದು ಇಷ್ಟೇ: ಲಾಗಿನ್ ಕೇಳುವ ಯಾವುದೂ ಇಂಟರ್ನೆಟ್ಟಿಗೆ ಮುಖ ಮಾಡಿ ನಿಲ್ಲಬಾರದು, ಅದು ಆರ್‌ಡಿಪಿ ಆಗಲಿ, ವಿಪಿಎನ್ ಪುಟ ಆಗಲಿ, ರೂಟರಿನ ಅಡ್ಮಿನ್ ಪುಟ ಆಗಲಿ. ಪಾಸ್‌ವರ್ಡ್ ಬದಲು ಕೀ ಬಳಸುವ ವೈರ್‌ಗಾರ್ಡ್ ಅನ್ನುವ ವಿಪಿಎನ್ ಇಲ್ಲಿ ಒಳ್ಳೆಯದು. ಸರಿಯಾದ ಕೀ ಇಲ್ಲದ ಪ್ಯಾಕೆಟ್ ಬಂದರೆ ಉತ್ತರವೇ ಕೊಡುವುದಿಲ್ಲ, ಸ್ಕ್ಯಾನ್ ಮಾಡಿದವನಿಗೆ ಅಲ್ಲಿ ಏನೋ ಉಂಟು ಅಂತಲೇ ಗೊತ್ತಾಗುವುದಿಲ್ಲ. 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್ ಒಳಗೇ ಸೇರಿದೆ.

ದಾವಣಗೆರೆ_ಲೆಡ್ಜರ್
ವೈರ್‌ಗಾರ್ಡ್ ಎಲ್ಲಿ ಹಾಕೋದು? ಸರ್ವರ್ ಪಿಸಿ ಮೇಲೇನಾ?

ಪ್ಯಾಕೆಟ್_ಪರಮೇಶಿ
ಪಿಸಿ ಮೇಲೆ ಬೇಡ, ರೂಟರಿನಲ್ಲಿ ಹಾಕಿ. ರೂಟರ್‌ಒಎಸ್ 7 ಇರೋ ಯಾವುದೇ ಸಣ್ಣ ಮೈಕ್ರೋಟಿಕ್ ರೂಟರ್ ನಿಮ್ಮ ಬಜೆಟ್ಟಿನಲ್ಲಿ ಬರುತ್ತೆ. ಪೋರ್ಟ್ ಫಾರ್ವರ್ಡ್ ಕೆಲಸ ಮಾಡ್ತಿತ್ತು ಅಂದ್ರೆ ನಿಮಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪೋ ವಿಳಾಸ) ಇದೆ, ಅದೊಂದು ತಲೆನೋವು ಇಲ್ಲ. ಇಂಟರ್ನೆಟ್ ಕಂಪನಿಯ ಒಎನ್‌ಟಿಯನ್ನು (ಫೈಬರ್ ಬಂದು ಸೇರೋ ಪೆಟ್ಟಿಗೆ) ಬ್ರಿಡ್ಜ್ ಮೋಡಿಗೆ, ಅಂದ್ರೆ ಬರೀ ದಾಟಿಸೋ ಕೆಲಸಕ್ಕೆ, ಹಾಕಿಸಿ, ಪಿಪಿಪಿಒಇ (ಕಂಪನಿಯ ಇಂಟರ್ನೆಟ್ ಲಾಗಿನ್) ಮೈಕ್ರೋಟಿಕ್‌ನಲ್ಲೇ ಡಯಲ್ ಆಗಲಿ. ಅವರು ಒಪ್ಪದಿದ್ರೆ ಒಎನ್‌ಟಿಯಿಂದ ವೈರ್‌ಗಾರ್ಡ್‌ನ ಪೋರ್ಟ್ ಯುಡಿಪಿ 51820 ಒಂದನ್ನು ಮಾತ್ರ ಮೈಕ್ರೋಟಿಕ್‌ಗೆ ಫಾರ್ವರ್ಡ್ ಮಾಡಿ.

ಕ್ರಮ ಹೀಗೆ:

1. ಮೊದಲು ರೂಟರ್‌ಒಎಸ್ ಅಪ್‌ಡೇಟ್. ಐಪಿ, ಸರ್ವಿಸಸ್‌ನಲ್ಲಿ ಟೆಲ್ನೆಟ್, ಎಫ್‌ಟಿಪಿ, ಎಪಿಐ, ವೆಬ್ ಎಲ್ಲ ಆಫ್. ವಿನ್‌ಬಾಕ್ಸ್‌ಗೆ (ಮೈಕ್ರೋಟಿಕ್ ಸೆಟ್ಟಿಂಗ್ ಬದಲಿಸೋ ಪ್ರೋಗ್ರಾಂ) ಲ್ಯಾನ್ ವಿಳಾಸ ಮಾತ್ರ. 2018ರಲ್ಲಿ ವಿನ್‌ಬಾಕ್ಸ್‌ನ 8291 ಪೋರ್ಟಿನ ದೋಷದಿಂದ ಮೈಕ್ರೋಟಿಕ್‌ಗಳೇ ಗುಂಪುಗುಂಪಾಗಿ ಕೈತಪ್ಪಿದ್ದವು, ಅದು ನೆನಪಿರಲಿ.

2. ವೈರ್‌ಗಾರ್ಡ್ ಇಂಟರ್‌ಫೇಸ್ ಮಾಡಿ, ಲಿಸನ್ ಪೋರ್ಟ್ 51820, ವಿಳಾಸ 10.66.66.1/24.

3. ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲಿ ವೈರ್‌ಗಾರ್ಡ್ ಹಾಕಿ ಆ್ಯಡ್ ಎಂಪ್ಟಿ ಟನಲ್ ಒತ್ತಿದರೆ ಕೀ ಜೋಡಿ ಅಲ್ಲೇ ತಯಾರಾಗುತ್ತೆ. ಪಬ್ಲಿಕ್ ಕೀ ಮಾತ್ರ ನಿಮಗೆ ಕಳಿಸಲಿ. ಪ್ರೈವೇಟ್ ಕೀ ಆ ಲ್ಯಾಪ್‌ಟಾಪ್ ಬಿಟ್ಟು ಹೊರಡಬಾರದು, ವಾಟ್ಸಾಪಿನಲ್ಲಿ ಕಾನ್ಫಿಗ್ ಫೈಲ್ ಕಳಿಸೋ ಅಭ್ಯಾಸ ಬೇಡ.

4. ರೂಟರಿನಲ್ಲಿ ಒಬ್ಬೊಬ್ಬರಿಗೆ ಒಂದು ಪಿಯರ್ (ಅವರ ಪಬ್ಲಿಕ್ ಕೀ ಇರೋ ನಮೂದು). ಅಲೋವ್ಡ್ ಅಡ್ರೆಸ್ 10.66.66.11/32, 12/32, 13/32. ಇಲ್ಲಿ /32 (ಒಂದೇ ವಿಳಾಸ) ಬದಲು /24 (ಇಡೀ ಗುಂಪು) ಹಾಕಿದರೆ ಎಲ್ಲರ ಪ್ಯಾಕೆಟೂ ಒಬ್ಬನಿಗೆ ಹೋಗುತ್ತೆ, ಉಳಿದವರಿಗೆ ಏನೂ ಬರಲ್ಲ.

5. ಫೈರ್‌ವಾಲಿನ ಇನ್‌ಪುಟ್ ಚೈನ್‌ನಲ್ಲಿ (ರೂಟರಿಗೇ ಬರೋದರ ನಿಯಮಗಳು) ಯುಡಿಪಿ 51820 ಅಕ್ಸೆಪ್ಟ್. ಹೊಸ ರೂಲ್ ಪಟ್ಟಿಯ ಕೊನೆಗೆ ಹೋಗಿ ಕೂರುತ್ತೆ, ಅಂದ್ರೆ ಡ್ರಾಪ್ ಸಾಲಿನ ಕೆಳಗೆ. ಎಳೆದು ಮೇಲೆ ತರಬೇಕು. ಹ್ಯಾಂಡ್‌ಶೇಕ್ (ಎರಡೂ ಕಡೆ ಮೊದಲು ಗುರುತು ಹಿಡಿಯೋದು) ಆಗ್ತಿಲ್ಲ ಅಂತ ಬರೋ ದೂರುಗಳಲ್ಲಿ ಬಹುಪಾಲು ಇದೇ.

6. ಫಾರ್ವರ್ಡ್ ಚೈನ್ (ರೂಟರ್ ದಾಟಿ ಹೋಗೋದರ ನಿಯಮಗಳು) ಹೆಚ್ಚಿನವರು ಎಡವೋ ಜಾಗ. ಮೈಕ್ರೋಟಿಕ್‌ನ ಡೀಫಾಲ್ಟ್ ಫೈರ್‌ವಾಲ್ ಇಲ್ಲಿ ತಡೆಯೋದು ವ್ಯಾನ್ (ಇಂಟರ್ನೆಟ್) ಕಡೆಯಿಂದ ಬರೋದನ್ನು ಮಾತ್ರ. ವೈರ್‌ಗಾರ್ಡ್ ಇಂಟರ್‌ಫೇಸ್ ಆ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಒಳಗೆ ಬಂದವರಿಗೆ ಇಡೀ ಆಫೀಸು ತೆರೆದೇ ಇರುತ್ತೆ: ಸರ್ವರ್ ಪಿಸಿಯ ಶೇರ್, ಟ್ಯಾಲಿಯ 9000 ಪೋರ್ಟ್, ಕ್ಯಾಮೆರಾ ಡಿವಿಆರ್, ಎಲ್ಲವೂ. 10.66.66.11ರಿಂದ ಆ ವ್ಯಕ್ತಿಯ ಡೆಸ್ಕ್‌ಟಾಪಿನ 3389ಕ್ಕೆ ಅಕ್ಸೆಪ್ಟ್, ಟಿಸಿಪಿ ಮತ್ತು ಯುಡಿಪಿ ಎರಡೂ. ಯುಡಿಪಿ ಇದ್ರೆ ಪರದೆ ನುಣುಪಾಗಿ ಬರುತ್ತೆ. ಮೂವರಿಗೂ ಹೀಗೇ. ಇವುಗಳ ಕೆಳಗೆ ವೈರ್‌ಗಾರ್ಡ್ ಇಂಟರ್‌ಫೇಸಿನಿಂದ ಬರೋ ಉಳಿದದ್ದೆಲ್ಲ ಡ್ರಾಪ್.

7. ಡೆಸ್ಕ್‌ಟಾಪ್‌ಗಳಲ್ಲಿ ವಿಂಡೋಸ್ ಫೈರ್‌ವಾಲಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ. ಇನ್‌ಬೌಂಡ್ ರೂಲ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ಟಿಸಿಪಿ, ಯುಡಿಪಿ ಸಾಲುಗಳು, ಸ್ಕೋಪ್ ಟ್ಯಾಬ್, ರಿಮೋಟ್ ಐಪಿಗೆ 10.66.66.0/24. ನಾಳೆ ಯಾರಾದ್ರೂ ಮತ್ತೆ ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಪಿಸಿ ಒಪ್ಪಲ್ಲ.

ಕ್ಲೈಂಟ್ ಕಡೆ ಅಲೋವ್ಡ್ ಐಪೀಸ್ ಜಾಗದಲ್ಲಿ ಆಫೀಸ್ ಲ್ಯಾನ್ ಮಾತ್ರ, ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 (ಸಂಪರ್ಕ ಉಳಿಸೋಕೆ ಅಷ್ಟು ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್). ಸ್ಟ್ಯಾಟಿಕ್ ಐಪಿ ಇಲ್ಲದಿದ್ರೆ ಮೈಕ್ರೋಟಿಕ್‌ನ ಐಪಿ ಕ್ಲೌಡ್ ಆನ್ ಮಾಡಿದರೆ ಒಂದು ಡಿಡಿಎನ್‌ಎಸ್ ಹೆಸರು (ಐಪಿ ಬದಲಾದ್ರೂ ಹೊಸದನ್ನು ತೋರಿಸೋ ಹೆಸರು) ಉಚಿತವಾಗಿ ಸಿಗುತ್ತೆ. ಆದ್ರೆ ವೈರ್‌ಗಾರ್ಡ್ ಆ ಹೆಸರನ್ನು ಟನಲ್ ಶುರುವಾದಾಗ ಒಮ್ಮೆ ಮಾತ್ರ ಕೇಳುತ್ತೆ. ನಡುವೆ ಐಪಿ ಬದಲಾದರೆ ಡಿಆ್ಯಕ್ಟಿವೇಟ್ ಮಾಡಿ ಮತ್ತೆ ಆ್ಯಕ್ಟಿವೇಟ್ ಮಾಡಬೇಕು.

ಕರಾವಳಿ_ಕನ್ಸೋಲ್
ಒಂದು ಬಿಟ್ಟಿರಿ. ಆಫೀಸಿನ ಲ್ಯಾನ್ 192.168.1.x ಆಗಿದ್ದು ಮನೆಯ ರೂಟರ್ ಕೂಡ ಅದೇ ಆದ್ರೆ ಟನಲ್ ಹಸಿರು ತೋರಿಸ್ತದೆ, ಆರ್‌ಡಿಪಿ ಮಾತ್ರ ಆಗುವುದಿಲ್ಲ. ಲ್ಯಾಪ್‌ಟಾಪ್ ಆ ಪಿಸಿಯನ್ನು ಮನೆಯೊಳಗೇ ಹುಡುಕ್ತದೆ. ಜಿಯೋ ಫೈಬರ್ ಆದ್ರೆ ಮನೆ 192.168.29.x, ಅಲ್ಲಿ ಬಚಾವ್. ಹೊಸ ರೂಟರ್ ಹಾಕುವಾಗಲೇ ಆಫೀಸನ್ನು 10.47.12.x ತರದ ಏನಾದರೂ ಅಪರೂಪದ್ದಕ್ಕೆ ಬದಲಿಸಿ. ಪ್ರಿಂಟರ್, ಹಾಜರಾತಿ ಯಂತ್ರ, ಡಿವಿಆರ್‌ಗೆ ಕೈಯಲ್ಲಿ ಹಾಕಿದ ಐಪಿ ಬದಲಿಸಬೇಕಾಗ್ತದೆ. ಟ್ಯಾಲಿ ಲೈಸೆನ್ಸ್ ಸರ್ವರನ್ನು ಐಪಿಯಲ್ಲಿ ಕೊಟ್ಟಿದ್ರೆ ಅದೂ.

ಹಾಸನ_ಫೈಬರ್
ನಮ್ಮಲ್ಲಿ ರೂಟರಿನ ವ್ಯಾನ್ ಐಪಿ 100.72 ಅಂತ ಶುರುವಾಗುತ್ತೆ. ಹೊರಗಿನ ವೆಬ್‌ಸೈಟ್ ಬೇರೆ ಐಪಿ ತೋರಿಸುತ್ತೆ. ವೈರ್‌ಗಾರ್ಡ್ ಆಗುತ್ತಾ?

ಪ್ಯಾಕೆಟ್_ಪರಮೇಶಿ
ಅದು ಸಿಜಿಎನ್‌ಎಟಿ, ಅಂದ್ರೆ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚಿದೆ. 100.64ರಿಂದ 100.127ರವರೆಗಿನ ವಿಳಾಸ ಬಂದ್ರೆ ಹೊರಗಿನಿಂದ ನಿಮ್ಮ ರೂಟರಿಗೆ ನೇರ ದಾರಿ ಇಲ್ಲ. ಸ್ಟ್ಯಾಟಿಕ್ ಐಪಿ ಕೊಳ್ಳಿ, ಇಲ್ಲಾಂದ್ರೆ ಟೇಲ್‌ಸ್ಕೇಲ್ ಬಳಸಿ. ಅದರ ಒಳಗೆ ಇರೋದೂ ವೈರ್‌ಗಾರ್ಡ್, ಎರಡೂ ಕಡೆಯಿಂದ ಹೊರಗೆ ಹೋಗಿ ಭೇಟಿಯಾಗುತ್ತೆ, ಪೋರ್ಟ್ ತೆರೆಯೋದೇ ಬೇಡ.

ಲಾಗ್_ಓದುಗ
ಟೇಲ್‌ಸ್ಕೇಲ್ ಹಾಕುವವರು ಮೂರು ಸೆಟ್ಟಿಂಗ್ ನೋಡಿಕೊಳ್ಳಿ. ಕೀ ಅವಧಿ ಡೀಫಾಲ್ಟ್ 180 ದಿನ. ಆಫೀಸಿನ ಪಿಸಿಗೆ ಅದನ್ನು ಆಫ್ ಮಾಡದಿದ್ರೆ ಆರು ತಿಂಗಳಿಗೆ ಸರಿಯಾಗಿ ಅದು ಕಾಣೆಯಾಗುತ್ತೆ, ಮತ್ತೆ ಸೇರಿಸೋಕೆ ಯಾರಾದ್ರೂ ಅದರ ಮುಂದೆ ಕೂರಬೇಕು. ವಿಂಡೋಸಿನಲ್ಲಿ ರನ್ ಅನ್‌ಅಟೆಂಡೆಡ್ ಆನ್ ಮಾಡಿ, ಇಲ್ಲದಿದ್ರೆ ಯಾರೂ ಲಾಗಿನ್ ಆಗಿಲ್ಲದಾಗ ಸಂಪರ್ಕವೂ ಇರಲ್ಲ. ಡೀಫಾಲ್ಟ್ ಪಾಲಿಸಿ ಎಲ್ಲರಿಗೂ ಎಲ್ಲ ಕಡೆಗೂ ಅನುಮತಿ ಕೊಡುತ್ತೆ, ಅದನ್ನು ಒಬ್ಬರಿಗೆ ಒಂದು ಪಿಸಿಯ 3389 ಅನ್ನೋ ಮಟ್ಟಕ್ಕೆ ಇಳಿಸಿ. ಲಾಗಿನ್ ಗೂಗಲ್ ಖಾತೆಯಿಂದ ಆದ್ರೆ ಆ ಗೂಗಲ್ ಖಾತೆಯೇ ಆಫೀಸಿನ ಬೀಗ. ಅದಕ್ಕೆ ಎರಡನೇ ಹಂತದ ಪರಿಶೀಲನೆ ಇರಲೇಬೇಕು.

ನೀಲಿಪರದೆ
ಪೋರ್ಟ್ ಮುಚ್ಚೋ ವಿಷಯ ಒಪ್ಪಿದೆ. ಆದ್ರೆ ಎನಿಡೆಸ್ಕ್‌ಗೂ ಪೋರ್ಟ್ ತೆರೆಯೋದು ಬೇಡ, ಐದು ನಿಮಿಷದ ಕೆಲಸ. ಅದು ಯಾಕೆ ಬೇಡ?

ಸರ್ವರ್‌ರೂಮ್_ಶಿವಮೊಗ್ಗ
ಅಂಗಡಿಯವರು ಹೇಳಿದ ರೀತಿ ಬೇಡ ಅಂತ, ಅಷ್ಟೇ. ಎಲ್ಲ ಪಿಸಿಗೂ ಒಂದೇ ಅನ್‌ಅಟೆಂಡೆಡ್ ಪಾಸ್‌ವರ್ಡ್ ಅಂದ್ರೆ ಕೆಲಸ ಬಿಟ್ಟು ಹೋದವರಿಗೂ ಅದು ಗೊತ್ತು, ಯಾರು ಬಂದ್ರು ಅಂತ ಲಾಗಿನಿಂದ ಹೇಳೋಕೂ ಆಗಲ್ಲ. ಉಚಿತ ಆವೃತ್ತಿ ವೈಯಕ್ತಿಕ ಬಳಕೆಗೆ, ಆಫೀಸಿಗಲ್ಲ. ಹಣ ಕೊಟ್ಟು ಬಳಸೋದಾದ್ರೆ ಆ್ಯಕ್ಸೆಸ್ ಕಂಟ್ರೋಲ್ ಲಿಸ್ಟ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್‌ಗಳ ಐಡಿ ಮಾತ್ರ ಹಾಕಿ, ಎರಡನೇ ಹಂತದ ಪರಿಶೀಲನೆ ಆನ್ ಮಾಡಿ. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಕಂಪನಿಯೇ ತನ್ನ ಪ್ರೊಡಕ್ಷನ್ ಸಿಸ್ಟಮ್‌ಗಳಿಗೆ ನುಸುಳುಕೋರರು ಬಂದಿದ್ದನ್ನು ಒಪ್ಪಿಕೊಂಡು ಕೋಡ್ ಸೈನಿಂಗ್ ಸರ್ಟಿಫಿಕೇಟ್ ಬದಲಿಸಿತು, ಹಳೇ ಆವೃತ್ತಿ ಇದ್ರೆ ಕಿತ್ತು ಹೊಸದು ಹಾಕಿ.

ಸಿಬ್ಬಂದಿಗೆ ಇನ್ನೊಂದು ಹೇಳಿಡಿ. ಫೋನಿನಲ್ಲಿ "ಬ್ಯಾಂಕಿನಿಂದ" ಕರೆ ಮಾಡಿ ಎನಿಡೆಸ್ಕ್ ಹಾಕಿಸಿ ಹಣ ಎತ್ತುವ ವಂಚನೆ ಬಗ್ಗೆ ಆರ್‌ಬಿಐ 2019ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಆಫೀಸಿನಲ್ಲಿ ಅದು ದಿನಬಳಕೆಯ ಸಾಧನ ಆಗಿಬಿಟ್ರೆ, ಐಡಿ ಹೇಳಿ ಅಂದ ಕೂಡಲೇ ಯೋಚಿಸದೆ ಹೇಳಿಬಿಡ್ತಾರೆ.

ಲಾಗ್_ಓದುಗ
ಯಾರೂ ಎರಡನೇ ಹಂತದ ವಿಷಯ ಸರಿಯಾಗಿ ಎತ್ತಲಿಲ್ಲ. ವೈರ್‌ಗಾರ್ಡ್‌ಗೆ ಕೀ ಒಂದೇ, ಒಟಿಪಿ ಇಲ್ಲ. ಲ್ಯಾಪ್‌ಟಾಪ್ ಕಳುವಾದ್ರೆ ಕೀ ಕೂಡ ಹೋದ ಹಾಗೆ. ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ (ಇಡೀ ಡಿಸ್ಕಿಗೆ ಬೀಗ), ಆರ್‌ಡಿಪಿ ಪಾಸ್‌ವರ್ಡ್ ಸೇವ್ ಮಾಡದೆ ಇರೋದು, ಆಫೀಸಿನ ಡೆಸ್ಕ್‌ಟಾಪಿನಲ್ಲಿ ಎರಡನೇ ಹಂತ. ಅದಕ್ಕೆ ಡ್ಯುಯೊ ಅನ್ನೋ ಸೇವೆ ಸಣ್ಣ ತಂಡಕ್ಕೆ, ಹತ್ತು ಜನರವರೆಗೆ, ಉಚಿತ ಯೋಜನೆ ಕೊಡುತ್ತೆ, ವಿಂಡೋಸ್ ಲಾಗಿನ್‌ಗೆ ಸೇರಿಕೊಳ್ಳುತ್ತೆ. ಇನ್‌ಸ್ಟಾಲ್ ಮಾಡುವಾಗ ಫೇಲ್ ಓಪನ್ ಅನ್ನೋ ಗುರುತು ಮೊದಲೇ ಹಾಕಿರುತ್ತೆ. ಹಾಗೇ ಬಿಟ್ರೆ ಡ್ಯುಯೊ ಸರ್ವರ್ ಸಿಗದಾಗ ಒಟಿಪಿ ಇಲ್ಲದೆ ಒಳಗೆ ಬಿಡುತ್ತೆ. ಆ ಗುರುತು ತೆಗೆದು, ಆರ್‌ಡಿಪಿಗೆ ಮಾತ್ರ ಕೇಳು ಅನ್ನೋದನ್ನು ಆರಿಸಿ. ಆಗ ಇಂಟರ್ನೆಟ್ ಹೋದ ದಿನವೂ ಆಫೀಸಿನಲ್ಲಿ ಕೂತವರಿಗೆ ತೊಂದರೆ ಇಲ್ಲ.

ಎರಡನೇ ಹಂತ ಇಲ್ಲದ ಒಂದೇ ಒಂದು ಖಾತೆ ಏನು ಮಾಡುತ್ತೆ ಅನ್ನೋದಕ್ಕೆ 2021ರ ಮೇ ತಿಂಗಳ ಕಲೋನಿಯಲ್ ಪೈಪ್‌ಲೈನ್ ನೋಡಿ. ಬಳಕೆಯಲ್ಲಿ ಇಲ್ಲದ ಹಳೇ ವಿಪಿಎನ್ ಖಾತೆ, ಪಾಸ್‌ವರ್ಡ್ ಮಾತ್ರ. ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಒಯ್ಯುವ ಕೊಳವೆ ಮಾರ್ಗ ನಿಂತುಹೋಯ್ತು, 75 ಬಿಟ್‌ಕಾಯಿನ್ ಕೊಟ್ಟರು. 2024ರ ಫೆಬ್ರವರಿಯಲ್ಲಿ ಅಮೆರಿಕದ ಆರೋಗ್ಯ ಬಿಲ್ಲಿಂಗ್ ಕಂಪನಿ ಚೇಂಜ್ ಹೆಲ್ತ್‌ಕೇರ್‌ಗೂ ಹಾಗೇ, ಎರಡನೇ ಹಂತ ಇಲ್ಲದ ಸಿಟ್ರಿಕ್ಸ್ ರಿಮೋಟ್ ಪ್ರವೇಶದ ಪೋರ್ಟಲ್.

ಫೋನಿಗೆ ಬರೋ "ಅಪ್ರೂವ್" ಗುಂಡಿಯನ್ನೂ ಕಣ್ಮುಚ್ಚಿ ನಂಬೋ ಹಾಗಿಲ್ಲ. 2022ರಲ್ಲಿ ಊಬರ್‌ಗೆ ನುಗ್ಗಿದವನು ಗುತ್ತಿಗೆದಾರರೊಬ್ಬರ ಫೋನಿಗೆ ಮೇಲಿಂದ ಮೇಲೆ ಕೋರಿಕೆ ಕಳಿಸ್ತಾನೇ ಇದ್ದ, ಕೊನೆಗೆ ಅವರು ಒತ್ತಿಬಿಟ್ರು. ಪರದೆ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಟೈಪ್ ಮಾಡಿಸೋ ವಿಧಾನ ಇದ್ರೆ ಅದನ್ನೇ ಆರಿಸಿ.

ಜಿಎಸ್‌ಟಿ_ಗೆಳತಿ
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದರೆ ತೆರಿಗೆ ಆಫೀಸಿನವರಿಗೆ ಬೇಕಾದದ್ದು. ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ) ಆಫೀಸಿನ ಪಿಸಿಗೇ ಸಿಗಿಸಿದ್ರೂ ಆರ್‌ಡಿಪಿಯಿಂದ ಸಹಿ ಮಾಡೋಕೆ ಹೋದ್ರೆ ಟೋಕನ್ ಕಾಣಲ್ಲ ಅಂತ ಬರುತ್ತೆ. ಎನಿಡೆಸ್ಕ್‌ನಲ್ಲಿ ಕಾಣುತ್ತೆ. ಇದೊಂದಕ್ಕೇ ಎಷ್ಟೋ ಆಫೀಸಿನವರು ಎನಿಡೆಸ್ಕ್ ಬಿಡಲ್ಲ.

ಸರ್ವರ್‌ರೂಮ್_ಶಿವಮೊಗ್ಗ
ಹೌದು ಮೇಡಂ, ವಿಂಡೋಸ್ ಬೇಕಂತಲೇ ಹಾಗೆ ಮಾಡಿದೆ. ಆರ್‌ಡಿಪಿ ಸೆಷನ್ ಒಳಗೆ ಸ್ಮಾರ್ಟ್ ಕಾರ್ಡ್ (ವಿಂಡೋಸಿಗೆ ಟೋಕನ್ ಕೂಡ ಅದೇ) ಅಂದ್ರೆ ನೀವು ಕೂತಿರೋ ಕಡೆಯ ಯಂತ್ರದ್ದು, ದೂರದ ಪಿಸಿಯದ್ದಲ್ಲ. ಎನಿಡೆಸ್ಕ್ ಪಿಸಿಯ ಎದುರಿನ ಪರದೆಯನ್ನೇ ತೋರಿಸೋದರಿಂದ ಅಲ್ಲಿ ಕಾಣುತ್ತೆ. ಟೋಕನ್ ಮನೆಗೆ ತಂದು ಲ್ಯಾಪ್‌ಟಾಪಿಗೆ ಸಿಗಿಸಿ. ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ನ ಲೋಕಲ್ ರಿಸೋರ್ಸಸ್, ಮೋರ್, ಸ್ಮಾರ್ಟ್ ಕಾರ್ಡ್ಸ್ ಗುರುತು ಹಾಕಿ. ಟೋಕನ್ನಿನ ಡ್ರೈವರ್ ಎರಡೂ ಕಡೆ ಇರಬೇಕು.

ಗ್ರಾಹಕರ ಟೋಕನ್‌ಗಳನ್ನು ರಾತ್ರಿಯಿಡೀ ಪಿಸಿಯಲ್ಲೇ ಬಿಟ್ಟು, ಪಿನ್ ಅನ್ನು ಸ್ಟಿಕ್ಕರಿನಲ್ಲಿ ಬರೆದು ಅಂಟಿಸೋ ಆಫೀಸುಗಳಿವೆ. ಆ ಪಿಸಿಗೆ ರಿಮೋಟ್ ಪ್ರವೇಶ ಸಿಕ್ಕವನಿಗೆ ಗ್ರಾಹಕರ ಸಹಿಯೇ ಸಿಕ್ಕಂತೆ, ಪಿನ್ ಟೈಪ್ ಮಾಡುವಾಗ ಕದ್ದರೆ ಸಾಕು. ಕೆಲಸ ಮುಗಿದ ತಕ್ಷಣ ತೆಗೆದು ಕಪಾಟಿನಲ್ಲಿ ಇಡಿ.

ಜಿಎಸ್‌ಟಿ_ಗೆಳತಿ
ಕಂಪನಿ, ಎಲ್‌ಎಲ್‌ಪಿ ಬಿಟ್ಟು ಉಳಿದವರಿಗೆ ಇವಿಸಿ, ಅಂದ್ರೆ ಫೋನಿಗೆ ಬರೋ ಒಟಿಪಿಯಲ್ಲೇ ರಿಟರ್ನ್ ಫೈಲ್ ಆಗುತ್ತೆ. ಆ ಗ್ರಾಹಕರಿಗೆ ರಾತ್ರಿ ಟೋಕನ್ ಬೇಕಾಗೋದೇ ಇಲ್ಲ. ಸ್ಮಾರ್ಟ್ ಕಾರ್ಡ್ ಗುರುತಿನ ವಿಷಯಕ್ಕೆ ಧನ್ಯವಾದ ಸರ್.

ಕರಾವಳಿ_ಕನ್ಸೋಲ್
ಅದೇ ಲೋಕಲ್ ರಿಸೋರ್ಸಸ್ ಪುಟದಲ್ಲಿ ಡ್ರೈವ್ಸ್ ಗುರುತು ಇದ್ರೆ ತೆಗೀರಿ. ಆಫೀಸ್ ಪಿಸಿಯ ಗ್ರೂಪ್ ಪಾಲಿಸಿಯಲ್ಲೂ ಡು ನಾಟ್ ಅಲೋ ಡ್ರೈವ್ ರಿಡೈರೆಕ್ಷನ್ ಎನೇಬಲ್ ಮಾಡಿ. ಇಲ್ಲದಿದ್ರೆ ಮನೆಯ ಸಿ ಡ್ರೈವ್ ಆಫೀಸಿನೊಳಗೆ ಬಂದು ಕೂತ ಹಾಗೆ. ಮತ್ತೆ ಮನೆಯಲ್ಲಿ ಮಕ್ಕಳು ಕ್ರ್ಯಾಕ್ ಮಾಡಿದ ಗೇಮ್ ಹಾಕುವ ಪಿಸಿ ಇದ್ರೆ ಅದಕ್ಕೆ ಪಿಯರ್ ಕೊಡ್ಲೇಬೇಡಿ. ಕೀಲಾಗರ್ ಇದ್ರೆ ಎಷ್ಟು ಒಳ್ಳೆಯ ವಿಪಿಎನ್ ಇದ್ರೂ ಪಾಸ್‌ವರ್ಡ್ ಅದರ ಕೈಗೆ ಹೋಗ್ತದೆ. ಉಳಿದ ಬಜೆಟ್ಟಿನಲ್ಲಿ ಹಳೆಯದಾದ್ರೂ ಆಫೀಸಿನದ್ದೇ ಒಂದು ಲ್ಯಾಪ್‌ಟಾಪ್ ಕೊಡಿ.

ನೀಲಿಪರದೆ
ಅದು ಎಲ್ಲರಿಗೂ ಆಗಲ್ಲ ಸರ್. ಮೂರು ಲ್ಯಾಪ್‌ಟಾಪ್ ಅಂದ್ರೆ ಬಜೆಟ್ ಹೋಯ್ತು.

ಕರಾವಳಿ_ಕನ್ಸೋಲ್
ಮೂರು ಜನಕ್ಕೂ ಒಂದೇ ರಾತ್ರಿ ಬೇಕಾ ಅಂತ ಮೊದಲು ಕೇಳಿ. ಒಂದು ಲ್ಯಾಪ್‌ಟಾಪ್ ಸರದಿಯಲ್ಲಿ ಹೋದ್ರೂ ಆಗ್ತದೆ, ಆಗ ವಿಂಡೋಸಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಯೂಸರ್ ಮಾಡಿ.

ಧಾರವಾಡ_ಲ್ಯಾನ್
ಬ್ಯಾಕಪ್ ಬಗ್ಗೆ ಯಾರೂ ಮಾತಾಡವಲ್ರಿ. ಡಿ ಡ್ರೈವಿಗೆ ಇಲ್ಲಾ ನೆಟ್‌ವರ್ಕ್ ಡ್ರೈವಿಗೆ ಕಾಪಿ ಮಾಡಿದ್ದು ಬ್ಯಾಕಪ್ ಅಲ್ಲ, ರ‍್ಯಾನ್ಸಮ್‌ವೇರ್ ಅದನ್ನೂ ಮುಚ್ಚತೈತಿ, ವಿಂಡೋಸ್ ತಾನ ಇಟ್ಟ ಹಳೇ ಪ್ರತಿ, ಶ್ಯಾಡೋ ಕಾಪಿ, ಮೊದಲ ಅಳಸತೈತಿ. ಎರಡು ಯುಎಸ್‌ಬಿ ಹಾರ್ಡ್ ಡಿಸ್ಕ್ ತಗೋರಿ. ಒಂದು ದಿನ ಒಂದು, ಮರುದಿನ ಇನ್ನೊಂದು. ಬ್ಯಾಕಪ್ ಮುಗಿದ ಕೂಡ್ಲೆ ಕಿತ್ತು ಇಡ್ರಿ, ಒಂದು ಆಫೀಸಿನ ಹೊರಗ. ತಿಂಗಳಿಗೊಮ್ಮೆ ಬ್ಯಾರೆ ಪಿಸಿಯಾಗ ರಿಸ್ಟೋರ್ ಮಾಡಿ ಒಂದು ಕಂಪನಿಯ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡ್ರಿ.

ಜಿಎಸ್‌ಟಿ_ಗೆಳತಿ
ಅಕಸ್ಮಾತ್ ಯಾರಾದ್ರೂ ಒಳಗೆ ಬಂದಿದ್ರೆ ಎಲ್ಲಿಗೆ ತಿಳಿಸಬೇಕು? ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರ ಎಲ್ಲ ಇರುತ್ತೆ.

ಲಾಗ್_ಓದುಗ
ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಹಣ ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ, ಜೊತೆಗೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ದೂರು. ಪಿಸಿ ಫಾರ್ಮ್ಯಾಟ್ ಮಾಡೋಕೆ ಮುಂಚೆ ಡಿಸ್ಕ್ ತೆಗೆದಿಡಿ, ಸಾಕ್ಷ್ಯ ಅದರಲ್ಲೇ ಇರೋದು.

ಮೈಕ್ರೋಟಿಕ್ ಲಾಗ್ ಡೀಫಾಲ್ಟಾಗಿ ಮೆಮೊರಿಯಲ್ಲಿ 1000 ಸಾಲು ಮಾತ್ರ, ಕರೆಂಟ್ ಹೋದರೆ ಅದೂ ಇಲ್ಲ. ಲಾಗಿಂಗ್‌ನಲ್ಲಿ ರಿಮೋಟ್ ಆರಿಸಿ ಒಂದು ಪಿಸಿಯಲ್ಲಿ ಲಾಗ್ ಕೂಡಿಡೋ ಸಿಸ್‌ಲಾಗ್‌ಗೆ ಕಳಿಸಿ. ಡೆಸ್ಕ್‌ಟಾಪ್‌ಗಳ ಸೆಕ್ಯುರಿಟಿ ಲಾಗನ್ನು 20 ಎಂಬಿಯಿಂದ 512 ಎಂಬಿಗಾದ್ರೂ ಏರಿಸಿ.

ದಾವಣಗೆರೆ_ಲೆಡ್ಜರ್
ಎಲ್ಲರಿಗೂ ತುಂಬ ಧನ್ಯವಾದ. ಮೈಕ್ರೋಟಿಕ್ ಬಂತು, ಲ್ಯಾನ್ 10.47.12.x ಆಯ್ತು, ಸರ್ವರ್ ಪಿಸಿ ಫಾರ್ಮ್ಯಾಟ್ ಮಾಡಿ ರ‍್ಯಾಪರ್ ಇಲ್ಲದೆ ಮತ್ತೆ ಹಾಕಿಸಿದೆ. ಇಬ್ಬರಿಗೆ ಚೆನ್ನಾಗಿ ನಡೀತಿದೆ. ಮೂರನೆಯವರಿಗೆ ಎರಡು ತೊಂದರೆ. ಟನಲ್ ಆ್ಯಕ್ಟಿವೇಟ್ ಗುಂಡಿ ಅವರ ಯೂಸರ್‌ನಲ್ಲಿ ಬರೋದೇ ಇಲ್ಲ, ಅಡ್ಮಿನ್ ಕೊಡಬೇಕಂತೆ. ಅಡ್ಮಿನ್‌ನಲ್ಲಿ ಶುರು ಮಾಡಿದರೆ ಸಂಪರ್ಕ ಬಂದು ಬಂದು ಹೋಗುತ್ತೆ.

ಪ್ಯಾಕೆಟ್_ಪರಮೇಶಿ
ಅಡ್ಮಿನ್ ಕೊಡಬೇಡಿ. ರಿಜಿಸ್ಟ್ರಿಯಲ್ಲಿ ಹೆಚ್‌ಕೆಎಲ್‌ಎಂ, ಸಾಫ್ಟ್‌ವೇರ್, ವೈರ್‌ಗಾರ್ಡ್ ಅಡಿ ಲಿಮಿಟೆಡ್‌ಆಪರೇಟರ್‌ಯುಐ ಅನ್ನೋ ಡಿವರ್ಡ್ (DWORD) ನಮೂದು ಮಾಡಿ 1 ಕೊಡಿ (ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ನಡುವೆ ಜಾಗ ಬಿಡಬಾರದು). ಆ ಯೂಸರನ್ನು ನೆಟ್‌ವರ್ಕ್ ಕಾನ್ಫಿಗರೇಷನ್ ಆಪರೇಟರ್ಸ್ ಗುಂಪಿಗೆ ಸೇರಿಸಿ. ಟನಲ್ ಆನ್, ಆಫ್ ಮಾತ್ರ ಸಿಗುತ್ತೆ, ಕೀ ನೋಡೋಕೆ ಆಗಲ್ಲ.

ಬಂದು ಹೋಗೋದಕ್ಕೆ: ಅವರು ಅದೇ ಕಾನ್ಫಿಗ್ ಅನ್ನು ಫೋನಿಗೋ ಇನ್ನೊಂದು ಲ್ಯಾಪ್‌ಟಾಪಿಗೋ ಹಾಕಿಕೊಂಡಿದ್ದಾರಾ ಕೇಳಿ. ಒಂದೇ ಕೀ ಎರಡು ಕಡೆ ಇದ್ರೆ, ಕೊನೆಗೆ ಮಾತಾಡಿದ ಸಾಧನಕ್ಕೆ ರೂಟರ್ ಉತ್ತರ ಕಳಿಸುತ್ತೆ. ಕೀಪ್‌ಅಲೈವ್ 25 ಸೆಕೆಂಡಿಗೊಮ್ಮೆ ಎರಡೂ ಕಡೆಯಿಂದ ಬರೋದರಿಂದ ಸಂಪರ್ಕ ಅತ್ತಿತ್ತ ಓಡಾಡುತ್ತೆ.

ದಾವಣಗೆರೆ_ಲೆಡ್ಜರ್
ಹೌದು ಸರ್, ಫೋನಿನಲ್ಲೂ ಹಾಕಿಕೊಂಡಿದ್ದರು. ತೆಗೆಸಿದೆ, ಸರಿಹೋಯ್ತು. ಭಾನುವಾರ ಕರೆಂಟ್ ಹೋಗಿ ಬಂದ ಮೇಲೆ ಡೆಸ್ಕ್‌ಟಾಪ್ ಆಫ್ ಆಗೇ ಇರುತ್ತೆ, ಅದಕ್ಕೇನು ಮಾಡೋದು?

ಧಾರವಾಡ_ಲ್ಯಾನ್
ಬಯಾಸ್ ಒಳಗ ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಅಂತ ಇರತೈತ್ರಿ, ಪವರ್ ಆನ್ ಇಡ್ರಿ. ವಿಂಡೋಸಿನ್ಯಾಗ ಸ್ಲೀಪ್ ನೆವರ್. ರೂಟರ್, ಒಎನ್‌ಟಿ ಎರಡನ್ನೂ ಯುಪಿಎಸ್‌ಗೆ ಹಚ್ಚ್ರಿ. ಬಯಾಸ್ ತೆರೆದಾಗ ತಾರೀಖು ತಪ್ಪು ತೋರಿಸಿದ್ರ ಸಿಎಂಒಎಸ್ ಸೆಲ್ ಮುಗದೈತಿ ಅಂತ, ಸಿಆರ್2032 ಹಾಕ್ರಿ. ಲ್ಯಾಪ್‌ಟಾಪಿನ ಗಡಿಯಾರ ಹಿಂದ ಹೋದ್ರ ವೈರ್‌ಗಾರ್ಡ್ ಹ್ಯಾಂಡ್‌ಶೇಕ್ ಆಗೂದಿಲ್ಲ, ಹಳೇ ಪ್ಯಾಕೆಟ್ ಅಂತ ತಿಳದು ರೂಟರ್ ಬಿಟ್ಟಬಿಡತೈತಿ, ಎರರ್ ಸುದ್ದಾ ತೋರಸೂದಿಲ್ಲ.